ಯಾರ ಕಡೆಯವರು?

ಮದುವೆ ಮನೆಯ ಬಾಗಿಲಲ್ಲಿ ಪನ್ನೀರು ಚಿಮುಕಿಸುವವರು ಬಂದವರನ್ನು ಕೇಳುವ ಪ್ರಶ್ನೆ ಒಂದೇ: "ತಾವು ಯಾರ ಕಡೆಯವರು?" ಗಂಡಿನ ಕಡೆ ಎಂದರೂ ಸರಿ, ಹೆಣ್ಣಿನ ಕಡೆ ಎಂದರೂ ಸರಿ, ಊಟಕ್ಕೆ ಎಲೆ ಬೀಳುತ್ತದೆ. ಇದೇ ಪ್ರಶ್ನೆಯನ್ನು ಬೆಂಗಳೂರಿನ ಉತ್ತರ ಭಾಗದಲ್ಲಿ, ಯಶವಂತಪುರ ದಾಟಿ ಪೀಣ್ಯದವರೆಗೆ ಸಾಲಾಗಿ ನಿಂತಿರುವ ಕಾರ್ಖಾನೆಗಳ ಗೇಟಿನಲ್ಲಿ ದಿನವೂ ಬೆಳಿಗ್ಗೆ ಕೇಳುತ್ತಾರೆ. "ಯಾರ ಕಡೆ?" ಎಂದು ವಾಚ್‌ಮನ್ ಕೇಳಿದರೆ ಒಳಗೆ ಹೋಗುವವನು ಹೇಳಬೇಕಾದದ್ದು ಕಾರ್ಖಾನೆಯ ಹೆಸರನ್ನಲ್ಲ, ತನ್ನನ್ನು ಕಳಿಸಿದ ಕಂಟ್ರಾಕ್ಟರನ ಹೆಸರನ್ನೋ ಏಜೆನ್ಸಿಯ ಹೆಸರನ್ನೋ. ತಮಾಷೆಯೆಂದರೆ, ಕೇಳುವ ವಾಚ್‌ಮನ್ ಕೂಡ ಇನ್ನೊಂದು ಏಜೆನ್ಸಿಯ ಕಡೆಯವನೇ.

ಪೀಣ್ಯದ ಒಂದು ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದ ನನಗೆ ಈ ಪ್ರಶ್ನೆ ಎಷ್ಟು ಹಳೆಯದು, ಅದಕ್ಕೆ ಬೇರೆ ಉತ್ತರ ಕೊಡಿಸಲು ಈ ದೇಶದಲ್ಲಿ ಏನೇನು ಪ್ರಯತ್ನಗಳಾದವು ಎಂದು ತಿಳಿಯುವ ಕುತೂಹಲ ನಿವೃತ್ತಿಯ ಮೇಲೂ ಹೋಗಲಿಲ್ಲ. ಕೆಲಸ ಬೇಕಾದವನಿಗೂ ಕೆಲಸ ಕೊಡುವವನಿಗೂ ನಡುವೆ ಮೂರನೆಯವನೊಬ್ಬ ಇರುವುದು ಹೊಸತೇನಲ್ಲ. ಇರಬಾರದು ಎಂದು ಹೇಳುವುದೂ ಕಷ್ಟ. ಆದರೆ ನಡುವಿನವರಲ್ಲಿ ಎರಡು ಬಗೆ. ಮದುವೆಗೆ ಸಂಬಂಧ ಕುದುರಿಸಿದವರು ಧಾರೆಯ ದಿನ ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು ತಮ್ಮ ಮನೆಗೆ ಹೋಗುತ್ತಾರೆ. ಗಂಡ ಹೆಂಡಿರ ನಡುವೆ ಜಮಖಾನ ಹಾಸಿಕೊಂಡು ಕೂತುಬಿಡುವುದಿಲ್ಲ. ಕೆಲಸ ಕೊಡಿಸುವವರಲ್ಲಿ ತೋರಿಸಿ ಹೊರಟುಹೋಗುವವರೂ ಇದ್ದಾರೆ, ನಡುವೆ ಕೂತೇಬಿಡುವವರೂ ಇದ್ದಾರೆ. ನಮ್ಮ ಕಡೆಯ ಉದ್ಯೋಗದ ಚರಿತ್ರೆಯೆಂದರೆ ಈ ಇಬ್ಬರ ನಡುವಿನ ಜಗ್ಗಾಟ.

ಕೂತುಬಿಡುವವನೇ ಮೊದಲು ಬಂದವನು. ಸಿಂಹಳದ ಟೀ ತೋಟಗಳಲ್ಲಿ ಅವನಿಗೆ ಕಂಗಾಣಿ ಎಂದು ಹೆಸರು, ಕಲ್ಕತ್ತೆಯ ಸೆಣಬಿನ ಗಿರಣಿಗಳಲ್ಲಿ ಸರ್ದಾರ, ನಮ್ಮ ಮಲೆನಾಡು ಕೊಡಗಿನ ಕಾಫಿ ತೋಟಗಳಲ್ಲಿ ಮೇಸ್ತ್ರಿ. ಊರಿನಲ್ಲಿ ಮುಂಗಡ ಕೊಟ್ಟು ಆಳು ಹಿಡಿಯುವವನು ಅವನೇ, ತೋಟದಲ್ಲಿ ಕೆಲಸ ತೆಗೆಯುವವನು ಅವನೇ, ಕೂಲಿಯಲ್ಲಿ ತನ್ನ ಪಾಲು ಮುರಿದುಕೊಳ್ಳುವವನೂ ಅವನೇ. ಮುಂಗಡ ಪಡೆದು ಕೆಲಸ ಬಿಟ್ಟು ಹೋದವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಜೈಲಿಗೆ ಕಳಿಸಬಹುದೆಂದು 1859ರಲ್ಲಿ ಒಂದು ಕಾಯಿದೆಯೇ ಆಗಿತ್ತು. ಅದನ್ನು ತೆಗೆದುಹಾಕುವ ಕಾಯಿದೆ ಬರಲು 1925ರವರೆಗೆ ಕಾಯಬೇಕಾಯಿತು. ಕೋಲಾರದ ಚಿನ್ನದ ಗಣಿಯಲ್ಲೂ ಕಂಟ್ರಾಕ್ಟರುಗಳ ಕೈಕೆಳಗೆ ದುಡಿಯುವವರು ಸಾವಿರಾರು ಮಂದಿ ಇದ್ದರು. 1930ರಲ್ಲಿ ಅಲ್ಲಿಯ ಕಾರ್ಮಿಕರು ಮೂರು ವಾರದಷ್ಟು ಕಾಲ ಕೆಲಸ ನಿಲ್ಲಿಸಿದರು. ಕಾರಣ, ಪ್ರತಿಯೊಬ್ಬನ ಹೆಬ್ಬೆಟ್ಟಿನ ಗುರುತು ತೆಗೆದುಕೊಂಡು ನೋಂದಾಯಿಸುವ ಪದ್ಧತಿ. ತಮ್ಮ ಹೆಸರು ಎಲ್ಲಿ, ಯಾರ ಪುಸ್ತಕದಲ್ಲಿ, ಯಾವ ಉದ್ದೇಶಕ್ಕೆ ಬರೆಯಲ್ಪಡುತ್ತದೆ ಎನ್ನುವುದು ಎಂಥ ವಿಷಯವೆಂದು ಓದು ಬರಹ ಬಾರದ ಆ ಜನಕ್ಕೆ ಚೆನ್ನಾಗಿ ಗೊತ್ತಿತ್ತು.

1931ರಲ್ಲಿ ವರದಿ ಕೊಟ್ಟ ವ್ಹಿಟ್ಲಿ ಆಯೋಗ ಈ ಮೇಸ್ತ್ರಿಗಳ ವಿಚಾರವನ್ನು ವಿವರವಾಗಿ ಬರೆದಿದೆ. ಕೆಲಸಕ್ಕೆ ಸೇರುವಾಗ ಒಂದಿಷ್ಟು, ಆಮೇಲೆ ಕೆಲಸ ಉಳಿಸಿಕೊಳ್ಳಲು ಇನ್ನೊಂದಿಷ್ಟು ಎಂದು ಅವನಿಗೆ ಮಾಮೂಲು ಸಲ್ಲಬೇಕಾಗಿತ್ತು. ನಿರುದ್ಯೋಗಿಗಳಿಗಾಗಿ ಸರ್ಕಾರವೇ ಕಚೇರಿ ತೆರೆದು, ದುಡ್ಡು ತೆಗೆದುಕೊಳ್ಳದೆ ಕೆಲಸ ತೋರಿಸಬೇಕೆಂಬ ಮಾತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊದಲ ಅಧಿವೇಶನದಲ್ಲಿ, 1919ರಲ್ಲೇ ಒಪ್ಪಂದದ ರೂಪ ಪಡೆದಿತ್ತು. ಭಾರತ ಅದಕ್ಕೆ 1921ರಲ್ಲಿ ಒಪ್ಪಿಗೆ ಕೊಟ್ಟು 1938ರಲ್ಲಿ ಹಿಂದೆ ಸರಿಯಿತು. ಆಳುವವರಿಗೆ ಅದರ ಜರೂರು ಕಂಡದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ. ಸೈನ್ಯದಿಂದ ಬಿಡುಗಡೆಯಾಗಿ ಬಂದ ಲಕ್ಷಾಂತರ ಜನರನ್ನು ಸುಮ್ಮನೆ ಊರಿಗೆ ಕಳಿಸುವಂತಿರಲಿಲ್ಲ. ಹೀಗೆ 1945ರಲ್ಲಿ ಹುಟ್ಟಿದ್ದು ಉದ್ಯೋಗ ವಿನಿಮಯ ಕೇಂದ್ರ, ಅಂದರೆ ನಮ್ಮೆಲ್ಲರ ಬಾಯಲ್ಲಿ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜ್. 1948ರಲ್ಲಿ ಅದರ ಬಾಗಿಲು ಎಲ್ಲರಿಗೂ ತೆರೆಯಿತು.

ಇಲ್ಲಿ ನಮ್ಮ ನಾಡಿನವರೊಬ್ಬರ ಹೆಸರು ಬರುತ್ತದೆ. ಮಂಗಳೂರಿನ ಬೆನಗಲ್ ಶಿವರಾಯರು ಪತ್ರಕರ್ತರು, ಕಾರ್ಮಿಕ ಚಳವಳಿಯಲ್ಲಿ ಪಳಗಿದವರು. ಸಂವಿಧಾನ ರಚನೆಯಲ್ಲಿ ಸಲಹೆಗಾರರಾಗಿದ್ದ ಬಿ.ಎನ್. ರಾಯರ ಸೋದರ. ಈ ಕೇಂದ್ರಗಳನ್ನು ಮುಂದುವರಿಸಬೇಕೇ ಮುಚ್ಚಬೇಕೇ ಎಂದು ಪರಿಶೀಲಿಸಿದ 1952ರ ಸಮಿತಿಗೆ ಅವರೇ ಅಧ್ಯಕ್ಷರು. ಮುಂದುವರಿಸಿ, ಆದರೆ ರಾಜ್ಯಗಳ ಕೈಗೆ ಕೊಡಿ ಎಂದರು. ಅದರಂತೆ ರಾಜ್ಯಗಳಿಗೆ ಆಡಳಿತ ಹಸ್ತಾಂತರವಾದದ್ದು 1956ರ ನವೆಂಬರ್ 1ರಂದು. ಕನ್ನಡನಾಡು ಒಂದಾದ ದಿನವೇ, ಕನ್ನಡದ ಹುಡುಗನಿಗೆ ಕೆಲಸ ತೋರಿಸುವ ಕಚೇರಿಯೂ ಅವನ ರಾಜ್ಯದ ಕೈಗೆ ಬಂತು.

ಆ ಹೊತ್ತಿಗೆ ಉತ್ತರ ಬೆಂಗಳೂರು ಬೇರೆಯೇ ಆಗತೊಡಗಿತ್ತು. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಸ್ಥಾಪನೆಯಾದವು. 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಕಾರದಿಂದ ಎಚ್‌ಎಂಟಿ ವಾಚು ಮಾಡಲು ಶುರುಮಾಡಿತು. ರಾಗಿ ಹೊಲ, ದ್ರಾಕ್ಷಿ ತೋಟ, ಸೀಬೆ ತೋಟಗಳ ನಡುವೆ ಪಾಳಿಯ ಸೈರನ್ ಕೇಳಿಸತೊಡಗಿತು. ನಮ್ಮ ಭಾವ ವಾಚ್ ಫ್ಯಾಕ್ಟರಿ ಸೇರಿದ್ದು ಎಕ್ಸ್‌ಚೇಂಜಿನ ಕಾರ್ಡಿನಿಂದ. ಎಸ್‌ಎಸ್‌ಎಲ್‌ಸಿ ಮುಗಿಸಿ ಹೆಸರು ನೋಂದಾಯಿಸಿದರು, ಸಂದರ್ಶನಕ್ಕೆ ಕರೆ ಬಂತು, ಹೋದರು, ಸೇರಿದರು. ಆಮೇಲೆ ಆ ಕಚೇರಿಯ ಮುಖವನ್ನು ಅವರು ನೋಡಲಿಲ್ಲ. ಅವರ ಸಂಬಳದಲ್ಲಿ ಅದಕ್ಕೆ ಪಾಲಿರಲಿಲ್ಲ. ಅವರಿಗೆ ಬಡ್ತಿ ಸಿಕ್ಕರೂ ಜ್ವರ ಬಂದರೂ ಆ ಕಚೇರಿಗೆ ಸಂಬಂಧವಿರಲಿಲ್ಲ. ತೋರಿಸಿತು, ಹೊರಟುಹೋಯಿತು. ಅವರು ಎಚ್‌ಎಂಟಿಯವರಾದರು. ಮತ್ತಿಕೆರೆಯ ನಮ್ಮ ಬೀದಿಯಲ್ಲಿ ಅವರನ್ನು ಕೊನೆಯವರೆಗೂ "ಎಚ್‌ಎಂಟಿಯವರು" ಎಂದೇ ಕರೆಯುತ್ತಿದ್ದರು.

1959ರ ಕಾಯಿದೆ ಈ ವ್ಯವಸ್ಥೆಗೆ ಬಲ ಕೊಟ್ಟಿತು. ಸಾರ್ವಜನಿಕ ಸಂಸ್ಥೆಗಳು, 25 ಅಥವಾ ಹೆಚ್ಚು ಮಂದಿ ಕೆಲಸಗಾರರಿರುವ ಖಾಸಗಿ ಸಂಸ್ಥೆಗಳು ತಮ್ಮಲ್ಲಿ ಖಾಲಿ ಬಿದ್ದ ಹುದ್ದೆಗಳನ್ನು ಎಕ್ಸ್‌ಚೇಂಜಿಗೆ ತಿಳಿಸಲೇಬೇಕಾಯಿತು. ತಿಳಿಸಬೇಕು, ಅಷ್ಟೇ, ಅಲ್ಲಿಂದಲೇ ತೆಗೆದುಕೊಳ್ಳಬೇಕೆಂಬ ಕಟ್ಟಳೆ ಇರಲಿಲ್ಲ. 1987ರಲ್ಲಿ ಸುಪ್ರೀಂ ಕೋರ್ಟು ಅದನ್ನು ಸ್ಪಷ್ಟವಾಗಿ ಹೇಳಿತು. 1996ರಲ್ಲಿ ಇನ್ನೊಂದು ತೀರ್ಪಿನಲ್ಲಿ, ಎಕ್ಸ್‌ಚೇಂಜಿನಿಂದ ಹೆಸರು ತರಿಸುವುದರ ಜೊತೆಗೆ ಪತ್ರಿಕೆಗಳಲ್ಲೂ ಪ್ರಕಟಿಸಿ ಎಲ್ಲರಿಗೂ ಅವಕಾಶ ಕೊಡಬೇಕೆಂದಿತು. ನ್ಯಾಯದ ಮಾತೇ. ಎಕ್ಸ್‌ಚೇಂಜಿನಲ್ಲಿ ನೋಂದಾಯಿಸಿದವರ ಸರದಿ ಬರುವ ಹೊತ್ತಿಗೆ ಅವರ ಮಕ್ಕಳು ನೋಂದಾಯಿಸುವ ವಯಸ್ಸಿಗೆ ಬಂದಿರುತ್ತಾರೆ ಎಂಬ ಕುಚೋದ್ಯ ಊರೆಲ್ಲ ಚಾಲ್ತಿಯಲ್ಲಿತ್ತು. ಆದರೆ ಇದರಿಂದ ಕಾರ್ಡಿನ ಬೆಲೆ ಇಳಿಯಿತು ಎನ್ನುವುದೂ ಅಷ್ಟೇ ನಿಜ.

ಆ 1959ರ ಕಾಯಿದೆಯ ಪುಸ್ತಕವನ್ನು ಕಚೇರಿಯಲ್ಲಿ ಎಷ್ಟೋ ಸಲ ತಿರುವಿ ಹಾಕಿದ್ದೇನೆ. ಅದರ ತಿರುಳಿರುವುದು ಹೇಳಿದ್ದರಲ್ಲಿ ಅಲ್ಲ, ಬಿಟ್ಟದ್ದರಲ್ಲಿ. ಕೃಷಿ ಕೆಲಸ ಬಿಟ್ಟರು, ಮನೆಗೆಲಸ ಬಿಟ್ಟರು, ಮೂರು ತಿಂಗಳಿಗಿಂತ ಕಡಿಮೆ ಅವಧಿಯ ಕೆಲಸ ಬಿಟ್ಟರು, ತಿಂಗಳಿಗೆ 60 ರೂಪಾಯಿಗಿಂತ ಕಡಿಮೆ ಸಂಬಳದ ಹುದ್ದೆ ಬಿಟ್ಟರು. ಜೊತೆಗೆ ಕುಶಲತೆ ಬೇಡದ ಕಚೇರಿ ಕೆಲಸಗಳೆಂದು ಒಂದು ಪಟ್ಟಿ ಮಾಡಿ ಬಿಟ್ಟರು: ದಫ್ತರಿ, ಜಮಾದಾರ ಮತ್ತು ಜವಾನ, ಧೂಳು ಹೊಡೆಯುವವನು, ಕಡತದ ಕಟ್ಟು ಹೊರುವವನು, ಸಮನ್ಸ್ ಜಾರಿ ಮಾಡುವವನು, ಕಾವಲುಗಾರ, ಕಸ ಗುಡಿಸುವವನು. ಇಂಥವರನ್ನು ಹುಡುಕಲು ಸರ್ಕಾರಿ ಕಚೇರಿ ಯಾಕೆ ಎಂದುಕೊಂಡಿರಬೇಕು. ಈಗ ಹೆಬ್ಬಾಳದಲ್ಲೋ ಆರ್.ಟಿ. ನಗರದಲ್ಲೋ ಯಾವುದಾದರೂ ಏಜೆನ್ಸಿ ಒದಗಿಸುವ ಜನರ ಪಟ್ಟಿ ನೋಡಿ: ಸೆಕ್ಯೂರಿಟಿ, ಹೌಸ್‌ಕೀಪಿಂಗ್, ಆಫೀಸ್ ಬಾಯ್, ಲೋಡಿಂಗ್, ಮನೆಗೆಲಸದವರು. 1959ರಲ್ಲಿ ಸರ್ಕಾರ ಯಾವ ನೆಲವನ್ನು ಉಳುಮೆ ಮಾಡದೆ ಬಿಟ್ಟಿತೋ ಅಲ್ಲೇ ಈ ಬೆಳೆ ಹುಲುಸಾಗಿ ಬಂದಿದೆ.

ಕಾರ್ಖಾನೆಗಳ ಒಳಗಿನ ಕಥೆ ಬೇರೆ. ಅಲ್ಲಿ ನಡುವೆ ಕೂತಿದ್ದವನು ಕಂಟ್ರಾಕ್ಟರ್. ಅವನನ್ನು ಹದ್ದಿನಲ್ಲಿಡಲು, ಸಾಧ್ಯವಾದ ಕಡೆ ತೆಗೆದೇಹಾಕಲು, 1970ರಲ್ಲಿ ಗುತ್ತಿಗೆ ಕಾರ್ಮಿಕರ ಕಾಯಿದೆ ಬಂತು. 20 ಅಥವಾ ಹೆಚ್ಚು ಮಂದಿ ಗುತ್ತಿಗೆಯವರಿದ್ದರೆ ಕಾರ್ಖಾನೆ ನೋಂದಣಿ ಮಾಡಿಸಬೇಕು, ಕಂಟ್ರಾಕ್ಟರ್ ಲೈಸೆನ್ಸ್ ಪಡೆಯಬೇಕು. ಕಂಟ್ರಾಕ್ಟರ್ ಕೂಲಿ ಕೊಡದಿದ್ದರೆ ಕಾರ್ಖಾನೆಯೇ ಕೊಟ್ಟು ಅವನಿಂದ ವಸೂಲಿ ಮಾಡಿಕೊಳ್ಳಬೇಕು. ಇನ್ನೊಂದು ಕಲಮು ನನ್ನ ಪಾಲಿಗೆ ಬಂದಿತ್ತು. ಕಂಟ್ರಾಕ್ಟರ್ ಕೂಲಿ ಬಟವಾಡೆ ಮಾಡುವಾಗ ಕಾರ್ಖಾನೆಯ ಪ್ರತಿನಿಧಿಯೊಬ್ಬ ಎದುರಿಗೆ ಕೂತಿದ್ದು, "ನನ್ನ ಸಮಕ್ಷಮ ಪಾವತಿಯಾಗಿದೆ" ಎಂದು ರಿಜಿಸ್ಟರಿನಲ್ಲಿ ಸಹಿ ಮಾಡಬೇಕು. ಪ್ರತಿ ತಿಂಗಳು ಏಳನೇ ತಾರೀಖಿನ ಒಳಗೆ ಕ್ಯಾಂಟೀನಿನ ಪಕ್ಕದ ಶೆಡ್ಡಿನಲ್ಲಿ ಮೇಜು ಹಾಕಿಕೊಂಡು ಆ ಕೆಲಸ ಮಾಡಿದ್ದೇನೆ. ಬುಕ್ಕಿನಲ್ಲಿ ಬರೆದಷ್ಟು ನೋಟು ಎಣಿಸಿ ಕೊಡುತ್ತಿದ್ದರು. ಒಂದು ರೂಪಾಯಿ ಹೆಚ್ಚು ಕಡಿಮೆ ಇಲ್ಲ.

ಕಾಯಿದೆಯ ಕಣ್ಣು ಗೇಟಿನವರೆಗೆ ಮಾತ್ರ. ಗೇಟಿನಾಚೆ ಟೀ ಅಂಗಡಿಯ ಹಿಂದೆ ಮೇಸ್ತ್ರಿ ನಿಂತಿರುತ್ತಿದ್ದ. ತಲೆಗೆ ಇಷ್ಟು ಎಂದು ಅವನು ವಾಪಸು ಇಸಿದುಕೊಳ್ಳುತ್ತಾನೆಂದು ನನಗೆ ಹೇಳಿದ್ದು ರಾಯಚೂರು ಕಡೆಯಿಂದ ಬಂದಿದ್ದ ಒಬ್ಬ ಹುಡುಗ. ನಾನು ಅದನ್ನು ಬರೆದು ಮೇಲಿನವರಿಗೆ ಕೊಟ್ಟೆ, ಕಂಟ್ರಾಕ್ಟರ್ ಬದಲಾದ. ಹೊಸ ಕಂಟ್ರಾಕ್ಟರ್ ಬಂದಾಗ ಮೇಸ್ತ್ರಿ ಮಾತ್ರ ಅವನೇ ಇದ್ದ, ಹುಡುಗ ಇರಲಿಲ್ಲ.

ಕಂಟ್ರಾಕ್ಟರ್ ಬದಲಾಗುವುದು ಎಂದರೇನೆಂದು ಸ್ವಲ್ಪ ವಿವರಿಸಬೇಕು. ಕೆಲಸ ಅದೇ, ಯಂತ್ರ ಅದೇ, ಜನ ಅವರೇ. ಬದಲಾಗುವುದು ಹಾಜರಿ ಪುಸ್ತಕದ ಮೇಲಿನ ಹೆಸರು. ಆದರೆ ಆ ಹೆಸರಿನ ಜೊತೆಗೆ ಸೇವೆಯ ಲೆಕ್ಕವೂ ಕಡಿದುಹೋಗುತ್ತದೆ. 1947ರ ಕೈಗಾರಿಕಾ ವಿವಾದ ಕಾಯಿದೆಯ ಪ್ರಕಾರ ಒಂದು ವರ್ಷದಲ್ಲಿ 240 ದಿನ ದುಡಿದರೆ ಅದು ನಿರಂತರ ಸೇವೆಯೆನಿಸುತ್ತಿತ್ತು. ಪೀಣ್ಯದಲ್ಲಿ ಅಕ್ಷರ ಬಾರದವರಿಗೂ ಈ ಸಂಖ್ಯೆ ಬಾಯಿಪಾಠ. 1972ರ ಕಾಯಿದೆಯ ಗ್ರಾಚ್ಯುಟಿಗೆ ಐದು ವರ್ಷದ ಸೇವೆ ಬೇಕಿತ್ತು. ಎರಡು ವರ್ಷಕ್ಕೊಮ್ಮೆ ಹೆಸರು ಬದಲಾದರೆ ಐದು ವರ್ಷ ಯಾವಾಗ ತುಂಬಬೇಕು? ಭವಿಷ್ಯನಿಧಿಗೂ ಪ್ರತಿ ಸಲ ಹೊಸ ನಂಬರು. ಹಳೆಯ ಹಣ ತೆಗೆಯಲು ಹಳೆಯ ಕಂಟ್ರಾಕ್ಟರನ ಸಹಿ ಬೇಕು; ಅವನೆಲ್ಲಿದ್ದಾನೋ. 2014ರಲ್ಲಿ ಪ್ರತಿ ಸದಸ್ಯನಿಗೂ ಮಾಲೀಕ ಬದಲಾದರೂ ಬದಲಾಗದ ಒಂದೇ ಸಂಖ್ಯೆ ಕೊಡುವ ಪದ್ಧತಿ ಬಂದದ್ದು ಇಂಥವರ ಪಾಲಿಗೆ ಸಣ್ಣ ಉಪಕಾರವಲ್ಲ.

ಪಕ್ಕದ ಕೇರಳದ ಕೋಳಿಕ್ಕೋಡಿನ ಒಂದು ಹಗ್ಗದ ಕಾರ್ಖಾನೆಯ ಮೊಕದ್ದಮೆಯಲ್ಲಿ 1978ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ಕಾಗದದ ಮೇಲೆ ಯಾರ ಹೆಸರಿದ್ದರೂ ಯಾರ ಲಾಭಕ್ಕಾಗಿ ದುಡಿಯುತ್ತಾರೋ ಅವರೇ ನಿಜವಾದ ಮಾಲೀಕರು, ನಡುವಿನ ಪರದೆ ಸರಿಸಿ ನೋಡಬೇಕು ಎಂಬರ್ಥದ ತೀರ್ಪು ಕೊಟ್ಟರು. 1996ರಲ್ಲಿ ಏರ್ ಇಂಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಗಿ, ಗುತ್ತಿಗೆಯನ್ನು ನಿಷೇಧಿಸಿದ ಕಡೆ ಅಲ್ಲಿ ದುಡಿಯುತ್ತಿದ್ದವರು ತಾವಾಗಿಯೇ ಆ ಸಂಸ್ಥೆಯ ನೌಕರರಾಗುತ್ತಾರೆ ಎಂದಿತು. ಆ ಸುದ್ದಿ ಬಂದ ವಾರ ನಮ್ಮ ಶೆಡ್ಡಿನಲ್ಲಿ ಯಾರೋ ಸಿಹಿ ಹಂಚಿದರು. ಆದರೆ 2001ರ ಆಗಸ್ಟ್ 30ರಂದು ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. ಗುತ್ತಿಗೆ ನಿಷೇಧವಾದರೂ ಗುತ್ತಿಗೆಯವರು ಖಾಯಂ ಆಗಬೇಕಿಲ್ಲ. ಗುತ್ತಿಗೆ ಬರೀ ಸೋಗು ಎಂದು ಸಾಬೀತಾದರೆ ಮಾತ್ರ ಬೇರೆ ಮಾತು. ಸಾಬೀತು ಮಾಡಬೇಕಾದವನು ದಿನಗೂಲಿಯವನು.

ಇದಕ್ಕೆ ನಾಲ್ಕು ವರ್ಷ ಮೊದಲು, 1997ರಲ್ಲಿ, ಗಾಳಿ ತಿರುಗಿದ್ದು ಕಾಣಿಸಿತ್ತು. 1933ರಲ್ಲಿ ಶುಲ್ಕ ತೆಗೆದುಕೊಳ್ಳುವ ಉದ್ಯೋಗ ಏಜೆನ್ಸಿಗಳನ್ನು ಇಲ್ಲದಂತೆ ಮಾಡಬೇಕೆಂದಿದ್ದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಆ ವರ್ಷ ಖಾಸಗಿ ಏಜೆನ್ಸಿಗಳಿಗೆ ಒಪ್ಪಿಗೆ ಕೊಟ್ಟು, ಅವು ಹೇಗಿರಬೇಕೆಂದು ಹೊಸ ಒಪ್ಪಂದ ಬರೆಯಿತು. ಅದೇ ವರ್ಷ ನಮ್ಮ ಕೇಂದ್ರ ಸರ್ಕಾರ ಕೆಲಸಕ್ಕೆ ಜನ ಹುಡುಕಿಕೊಡುವ ಏಜೆನ್ಸಿಗಳ ಮೇಲೆ ಸೇವಾ ತೆರಿಗೆ ಹಾಕಿತು; 2005ರಲ್ಲಿ ಜನರನ್ನು ಒದಗಿಸುವುದನ್ನೂ ಅದಕ್ಕೆ ಸೇರಿಸಿತು. ಒಂದು ಕಾಲಕ್ಕೆ ತಾನು ಬಿಟ್ಟಿ ಮಾಡುತ್ತಿದ್ದ ಕೆಲಸ ಸರ್ಕಾರಕ್ಕೆ ಆದಾಯದ ಬಾಬ್ತಾಯಿತು. 2002ರಲ್ಲಿ ಬೆಂಗಳೂರಿನಲ್ಲೇ ಟೀಮ್‌ಲೀಸ್ ಎಂಬ ಕಂಪೆನಿ ಶುರುವಾಯಿತು. 2016ರಲ್ಲಿ ಅದರ ಷೇರುಗಳು ಪೇಟೆಗೆ ಬಂದವು. ಮೇಸ್ತ್ರಿಯ ಕಸುಬು ಷೇರು ಪೇಟೆಯಲ್ಲಿ ವ್ಯಾಪಾರವಾಗುವುದನ್ನು ವ್ಹಿಟ್ಲಿ ಆಯೋಗದವರು ಊಹಿಸಿರಲಾರರು.

ಉತ್ತರ ಬೆಂಗಳೂರಿನ ಮುಖವೂ ಅದೇ ಕಾಲಕ್ಕೆ ಬದಲಾಯಿತು. 1984ರ ಸೆಪ್ಟೆಂಬರಿನಲ್ಲಿ ಇಂದಿರಾ ಗಾಂಧಿಯವರು ಯಲಹಂಕದ ರೈಲ್ವೆ ಗಾಲಿ ಕಾರ್ಖಾನೆಯನ್ನು ಉದ್ಘಾಟಿಸಿದಾಗ ಅಲ್ಲಿಯ ಹುಡುಗರು ಎಕ್ಸ್‌ಚೇಂಜಿನ ಕಾರ್ಡು ನವೀಕರಿಸಿಕೊಂಡು ಕಾದರು. 2008ರ ಮೇ 24ರಂದು ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಗುವ ಹೊತ್ತಿಗೆ ಅದೇ ಊರಿನ ಹುಡುಗರು ಏಜೆನ್ಸಿಗಳಿಗೆ ಬಯೋಡೇಟಾ ಕೊಡುತ್ತಿದ್ದರು. ನಾಗವಾರದ ಮಾನ್ಯತಾ ಟೆಕ್ ಪಾರ್ಕಿನ ಗಾಜಿನ ಕಟ್ಟಡಗಳೆದ್ದಾಗಲೂ ಹಾಗೆಯೇ. 2016ರಲ್ಲಿ ಎಚ್‌ಎಂಟಿ ವಾಚ್ ಕಂಪೆನಿಯನ್ನು ಮುಚ್ಚುವ ನಿರ್ಧಾರವಾಯಿತು. ಕನ್ನಡಿಗರಿಗೆ ಉದ್ಯೋಗ ಸಿಗಬೇಕೆಂದು 1986ರಲ್ಲಿ ಸರೋಜಿನಿ ಮಹಿಷಿಯವರ ಸಮಿತಿ ಕೊಟ್ಟ 58 ಶಿಫಾರಸುಗಳ ಬಗ್ಗೆ ನಾವು ನಾಲ್ಕು ದಶಕ ಮಾತಾಡಿದ್ದೇವೆ. ಕೆಲಸ ಯಾರಿಗೆ ಎಂಬ ಆ ಪ್ರಶ್ನೆಯ ಗಲಾಟೆಯಲ್ಲಿ, ಸಿಕ್ಕ ಕೆಲಸ ಯಾರ ಪುಸ್ತಕದಲ್ಲಿ ಎಂಬ ಪ್ರಶ್ನೆ ಮೂಲೆಗೆ ಸರಿಯಿತು.

ಏಜೆನ್ಸಿಗಳನ್ನು ಬೈಯುವುದು ಸುಲಭ, ಆದರೆ ನ್ಯಾಯವಾಗಿ ಹೇಳಬೇಕು. ಟೀ ಅಂಗಡಿಯ ಹಿಂದೆ ನಿಲ್ಲುವ ಮೇಸ್ತ್ರಿಗಿಂತ ದೊಡ್ಡ ಏಜೆನ್ಸಿ ವಾಸಿ. ಸಂಬಳ ಬ್ಯಾಂಕಿಗೆ ಬರುತ್ತದೆ, ಚೀಟಿ ಸಿಗುತ್ತದೆ, ಭವಿಷ್ಯನಿಧಿ ಕಟ್ಟುತ್ತಾರೆ. ಇಎಸ್‌ಐ ಕಾರ್ಡು ಹಿಡಿದು ರಾಜಾಜಿನಗರದ ಆಸ್ಪತ್ರೆಗೆ ಹೋಗಬಹುದು. ನಗರಕ್ಕೆ ಹೊಸದಾಗಿ ಬಂದ, ಯಾರ ಪರಿಚಯವೂ ಇಲ್ಲದ ಹುಡುಗಿಗೆ ಒಂದು ವಾರದಲ್ಲಿ ಕೆಲಸ ತೋರಿಸುವ ಶಕ್ತಿ ಎಕ್ಸ್‌ಚೇಂಜಿಗೆ ಯಾವತ್ತೂ ಇರಲಿಲ್ಲ. ನನ್ನ ತಕರಾರು ಅವರು ತೋರಿಸುವುದರ ಬಗ್ಗೆ ಅಲ್ಲ, ತೋರಿಸಿದ ಮೇಲೆ ಹೋಗದಿರುವುದರ ಬಗ್ಗೆ. ಕೆಲಸ ಹೇಳುವವನೊಬ್ಬ, ಸಂಬಳ ಕೊಡುವವನೊಬ್ಬ ಆದಾಗ ದೂರು ಕೇಳುವವನು ಯಾರೂ ಇಲ್ಲದಂತಾಗುತ್ತದೆ. 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆ ನರಸಾಪುರದ ವಿಸ್ಟ್ರಾನ್ ಫೋನ್ ಕಾರ್ಖಾನೆಯಲ್ಲಿ ನಡೆದ ದಾಂಧಲೆಯನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ. ಅಲ್ಲಿಗೆ ಆರು ಏಜೆನ್ಸಿಗಳು ಜನರನ್ನು ಒದಗಿಸಿದ್ದವು. ಸಂಬಳ ಸರಿಯಾಗಿ, ಹೊತ್ತಿಗೆ ಸರಿಯಾಗಿ ಬರುತ್ತಿಲ್ಲವೆಂಬ ದೂರು ತಿಂಗಳುಗಳಿಂದ ಇತ್ತು. ಗಾಜು ಒಡೆದದ್ದು ತಪ್ಪೇ. ಆಮೇಲೆ ಕಂಪೆನಿ ಸಂಬಳದಲ್ಲಿ ಲೋಪವಾದದ್ದನ್ನು ಒಪ್ಪಿ ಕ್ಷಮೆ ಕೇಳಿತು. ಆ ಮಾತು ಗಾಜು ಒಡೆಯುವ ಮೊದಲೇ ಬರುವಂತೆ ಮಾಡುವುದು ಹೇಗೆ ಎಂಬುದೇ ಈ ಇಡೀ ಚರಿತ್ರೆಯ ಸಮಸ್ಯೆ.

2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1959ರ ಕಾಯಿದೆ, 1970ರ ಕಾಯಿದೆ ಎರಡೂ ಅವುಗಳೊಳಗೆ ಕರಗಿಹೋದವು. ಎಕ್ಸ್‌ಚೇಂಜಿಗೆ ಈಗ ಕೆರಿಯರ್ ಸೆಂಟರ್ ಎಂದು ಹೆಸರು. ಗುತ್ತಿಗೆಯ ನಿಯಮಗಳು ಅನ್ವಯಿಸಲು 20 ಮಂದಿ ಸಾಲದು, 50 ಬೇಕು. ಸಂಸ್ಥೆಯ ಮೂಲ ಕೆಲಸದಲ್ಲಿ ಗುತ್ತಿಗೆ ಕೂಡದು ಎಂದೂ ಹೇಳಿದೆ, ಹಲವು ವಿನಾಯಿತಿಗಳೊಂದಿಗೆ. ಕಸ ಗುಡಿಸುವುದು, ಕಾವಲು, ಕ್ಯಾಂಟೀನು, ಲೋಡಿಂಗ್ ಇವು ಸಾಮಾನ್ಯವಾಗಿ ಮೂಲ ಕೆಲಸವಲ್ಲ ಎಂದು ಪಟ್ಟಿ ಕೊಟ್ಟಿದೆ. ಓದಿದಾಗ ಎಲ್ಲೋ ನೋಡಿದ ಪಟ್ಟಿ ಅನ್ನಿಸಿತು. ಅರವತ್ತಾರು ವರ್ಷದ ಮೇಲೂ ಅದೇ ಜನ ಹೊರಗೆ.

ಆದರೂ ಈ ಊರಿನಲ್ಲೇ ಒಂದು ವಿಷಯ ನಡೆದಿದೆ, ಅದನ್ನು ಹೇಳದಿದ್ದರೆ ಚರಿತ್ರೆ ಪೂರ್ತಿಯಾಗುವುದಿಲ್ಲ. ಬೆಂಗಳೂರಿನ ಪೌರಕಾರ್ಮಿಕರು ವರ್ಷಗಟ್ಟಲೆ ಕಂಟ್ರಾಕ್ಟರುಗಳ ಕಡೆಯವರಾಗಿದ್ದರು. ಸಂಘ ಕಟ್ಟಿದರು, ಬೀದಿಗಿಳಿದರು. 2018ರ ಜನವರಿಯಿಂದ ಆಗಿನ ಬಿಬಿಎಂಪಿ ಕಂಟ್ರಾಕ್ಟರುಗಳನ್ನು ಬಿಟ್ಟು ನೇರವಾಗಿ ಸಂಬಳ ಕೊಡತೊಡಗಿತು. 2022ರ ಜುಲೈನಲ್ಲಿ ಖಾಯಂ ಮಾಡಿ ಎಂದು ಮತ್ತೆ ಧರಣಿ ಕೂತರು. 2025ರ ಮೇ 1ರಂದು 12 ಸಾವಿರಕ್ಕೂ ಹೆಚ್ಚು ಮಂದಿಗೆ ಖಾಯಂ ನೇಮಕಾತಿ ಪತ್ರ ಸಿಕ್ಕಿತು. ಅವರಲ್ಲಿ ಬಹುಪಾಲು ಹೆಂಗಸರು. 1959ರ ಪಟ್ಟಿಯಲ್ಲಿ ಹೆಸರಿಸಿದ ಕೆಲಸಗಳಲ್ಲಿ ಕಟ್ಟಕಡೆಯದು ಕಸ ಗುಡಿಸುವುದು. ನಡುವೆ ಕೂತವನನ್ನು ಎಬ್ಬಿಸಿ ಕಳಿಸಿದವರೂ ಅವರೇ.